ನೆಲ್ಡಾ ಕೇಳಲು ಹೋದ ‘ಇಲ್ಲ’

ಪಶ್ಚಿಮ ವರ್ಜೀನಿಯಾದ ಕಲ್ಲಿದ್ದಲ ಊರೊಂದರ ಶಾಲೆಯಲ್ಲಿ ನೆಲ್ಡಾ ಹತ್ತೊಂಬತ್ತು ವರ್ಷದಿಂದ ಮಕ್ಕಳಿಗೆ ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ಬಡಿಸುತ್ತಿದ್ದಾಳೆ. ಕೈ ಧಾರಾಳ, ಬಾಯಿ ಇನ್ನೂ ಧಾರಾಳ. ಸಾಲದ ಮಾತು ಬಂದರೆ ಮಾತ್ರ ಬಾಯಿಗೆ ಬೀಗ. ಗಂಡ ಗಣಿಯಲ್ಲಿ ಬೆನ್ನು ಮುರಿದುಕೊಂಡ ವರ್ಷ, ಅವಳ ಹೆಸರಿನಲ್ಲಿದ್ದ ಕಾರು ಸಾಲದ ಕಂತು ತಪ್ಪಿತ್ತು; ಸಾಲ ಕೊಟ್ಟವರು ಭಾನುವಾರ ಎಲ್ಲರೂ ನೋಡುತ್ತಿರುವಾಗ ಚರ್ಚಿನ ಮುಂದಿನಿಂದಲೇ ಕಾರು ಎಳೆದುಕೊಂಡು ಹೋಗಿದ್ದರು. ಆಮೇಲೆ ಗಂಡ ತೀರಿಹೋದ. ಆ ಅವಮಾನ ಹೋಗಲಿಲ್ಲ.

ಈಗ ಮಗಳು ಕೇಲಾಗೆ ನರ್ಸಿಂಗ್ ಸೀಟು ಸಿಕ್ಕಿದೆ. ಮೊದಲ ವರ್ಷದ ವಿದ್ಯಾರ್ಥಿಗೆ ಸರ್ಕಾರ ಕೊಡುವ ಸಾಲದ ಮಿತಿ ಐದೂವರೆ ಸಾವಿರ ಡಾಲರ್. ಅಷ್ಟನ್ನೂ ತೆಗೆದುಕೊಂಡ ಮೇಲೂ ಮೂರು ಸಾವಿರದ ಎಂಟುನೂರು ಕಡಿಮೆ. ಶುಕ್ರವಾರದೊಳಗೆ ಕಟ್ಟದಿದ್ದರೆ ಸೀಟು ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಸುಲಭ. ಬೆಳೆಯುವ ಮಕ್ಕಳ ಕಾಲು ಹಾಸಿಗೆಯನ್ನು ಕೇಳಿ ಬೆಳೆಯುತ್ತದೆಯೇ?

ಕಾಲೇಜಿನ ಸಾಲದ ಕಚೇರಿಯಲ್ಲಿದ್ದವಳು ನೆಲ್ಡಾಳ ಜೊತೆ ಓದಿದ ಗೆಳತಿ ಓಪಲ್.

“ತಂದೆತಾಯಿಗೂ ಸರ್ಕಾರದ್ದೇ ಒಂದು ಸಾಲ ಇದೆ ಕಣೇ. ಅರ್ಜಿ ಹಾಕು. ಕಾರು ಎಳ್ಕೊಂಡು ಹೋಗಿದ್ದು ದಾಖಲೆಲಿ ನೋಡಿ ನಿಂಗೆ ಇಲ್ಲ ಅಂತಾರೆ.”

“ಇಲ್ಲ ಅನ್ನಿಸ್ಕೊಳ್ಳೋಕೆ ಅರ್ಜಿ ಬೇರೆ ಹಾಕ್ಬೇಕಾ? ತಲೆ ನೆಟ್ಟಗಿದೆಯಾ ನಿಂಗೆ?”

“ಪೂರ್ತಿ ಕೇಳೇ. ತಾಯಿಗೆ ಇಲ್ಲ ಅಂದ್ರೆ ಮಗಳ ಮಿತಿ ನಾಲ್ಕು ಸಾವಿರ ಏರುತ್ತೆ. ಅವಳ ಹೆಸರಲ್ಲೇ ಕೊಡ್ತಾರೆ.”

“ಹಂಗಾದ್ರೆ ಆ ಹಾಳು ಕಾರು ಈಗ ಉಪಕಾರಕ್ಕೆ ಬಂತು ಅನ್ನು,” ಎಂದಳು ನೆಲ್ಡಾ. ನಕ್ಕಳು ನಿಜ, ಆದರೆ ಕಿವಿ ಕೆಂಪಾಗಿತ್ತು. ಮತ್ತೊಮ್ಮೆ ಅವಮಾನಕ್ಕೆ ಮುಖವೊಡ್ಡಲು ಅವಳಿಗೆ ಮೂರು ದಿನ ಬೇಕಾಯಿತು. ಗುರುವಾರ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಹಲ್ಲು ಕಚ್ಚಿ ಓಪಲ್‌ಳ ಕಂಪ್ಯೂಟರಿನಲ್ಲಿ ಅರ್ಜಿ ಹಾಕಿದಳು.

ಓಪಲ್ ಉತ್ತರವನ್ನು ಎರಡು ಸಲ ಓದಿದಳು.

“ಬೊಗಳೇ, ಇಲ್ಲ ಅಂದ್ರಾ?”

“ಹೂಂ ಅಂದಿದಾರೆ. ಸಾಲ ಮಂಜೂರು. ಕಾರು ಹೋಗಿ ಎಷ್ಟು ವರ್ಷ ಆಯ್ತೇ?”

“ಆರು.”

“ಅವ್ರು ಹಿಂದಕ್ಕೆ ನೋಡೋದು ಐದೇ ವರ್ಷ. ಮೊದ್ಲೇ ಕೇಳ್ಬೇಕಿತ್ತು ನಾನು. ತಪ್ಪು ನಂದೇ.”

ಆರು ವರ್ಷದಿಂದ ತಲೆ ತಗ್ಗಿಸಿ ನಡೆದವಳಿಗೆ ಅಷ್ಟು ದೊಡ್ಡ ಸರ್ಕಾರ ‘ನಿನ್ನನ್ನು ನಂಬುತ್ತೇವೆ’ ಎಂದಿತ್ತು. ನೆಲ್ಡಾಳ ಕಣ್ಣು ತುಂಬಿತು. ಮರುಗಳಿಗೆಯಲ್ಲೇ ಲೆಕ್ಕ ಹೊಳೆಯಿತು: ತನಗೆ ಹೂಂ ಎಂದ ಮೇಲೆ ಮಗಳ ಮಿತಿ ಏರುವುದಿಲ್ಲ. ಸಾಲ ತನ್ನ ಹೆಸರಿಗೇ ಬರಬೇಕು. ತೀರುವ ಹೊತ್ತಿಗೆ ತನಗೆ ಅರವತ್ತು.

“ಬೇಡಮ್ಮ,” ಎಂದಳು ಕೇಲಾ. “ಒಂದು ವರ್ಷ ಎಲ್ಲಾದ್ರೂ ಕೆಲಸ ಮಾಡ್ತೀನಿ. ಆಮೇಲೆ ಸೇರ್ಕೋತೀನಿ. ಒಂದೇ ವರ್ಷ.”

ನೆಲ್ಡಾ ಮಗಳ ಮುಖವನ್ನೇ ನೋಡಿದಳು.

“ಎಲ್ಲಿ ಸಹಿ ಹಾಕ್ಬೇಕು ತೋರ್ಸೇ, ಓಪಲ್,” ಎಂದಳು. “ನಾನೂ ಆ ಶಾಲೆ ಅಡುಗೆಮನೆಗೆ ಒಂದೇ ವರ್ಷ ಅಂತಾನೇ ಸೇರಿದ್ದು.”