ಬೋರ್ಡಿನಲ್ಲಿ ಬಂದುಹೋದ ಗಾಳಿ

ಬೆಳಿಗ್ಗೆ ತುಳಸಿಗೆ ನೀರು ಹಾಕಿ, ಅವಲಕ್ಕಿ ಕಲಸಿ, ಬೀಗದ ಕೈಯನ್ನು ಪಕ್ಕದ ಮನೆಗೆ ಕೊಟ್ಟು, ತಂಗಿಯೊಂದಿಗೆ ಬೈಂದೂರಿಗೆ ಹೊರಟೆ. ಕುಂದಾಪುರದಾಚೆ ಬಸ್ಸು ಬದಲಿಸುವ ನಿಲ್ದಾಣದಲ್ಲಿ ಸರ್ಕಾರದ ಡಿಜಿಟಲ್ ಬೋರ್ಡು ಇತ್ತು. ‘ಬಿರುಗಾಳಿ, ಮೀನುಗಾರರು ಕಡಲಿಗೆ ಇಳಿಯಬಾರದು.’ ದಿನಾಂಕ ಓದುವ ಮೊದಲೇ ಅದು ಸರಿದು, ಡೆಂಗಿ ಜಾಹೀರಾತಿನ ಸೊಳ್ಳೆಯ ಚಿತ್ರ ಬಂತು.

ಮೀನುಬುಟ್ಟಿ ಇಳಿಸಿದ್ದ ಹೆಂಗಸೊಬ್ಬಳು ನನ್ನ ಕೈ ಹಿಡಿದಳು. “ಅಕ್ಕಾ, ಅದ್ ಇವತ್ತಿನ್ ಸುದ್ದಿಯಾ? ನಮ್ಮನಿಯವ್ರ್ ಬೆಳಿಗ್ಗೆಯೇ ಕಡ್ಲಿಗ್ ಹೋಯಿರ್. ಫೋನ್ ತಾಗುದಿಲ್ಲ.”

ಎಚ್ಚರಿಕೆ ಮತ್ತೆ ಬರಲೆಂದು ಕಾದೆವು. ಬೋರ್ಡಿನಲ್ಲಿ ಲಸಿಕೆ, ತೆರಿಗೆ, ಯಾರದೋ ನಗುಮುಖ ಸರಿದವು. ನಮ್ಮ ಬಸ್ಸೂ ಹೋಯಿತು. “ನಗುದ್ ಸಾಕ್, ಗಾಳಿದ್ ಹೇಳ್ ಮಾರಾಯ,” ಎಂದು ತಂಗಿ ಬೋರ್ಡಿಗೇ ಬೈದಳು.

ಎಚ್ಚರಿಕೆ ಮತ್ತೆ ಬಂದಾಗ ನೋಡಿದರೆ ದಿನಾಂಕ ಹೋದ ವಾರದ್ದು. ಹೇಳಿದೆ. ಮೀನಿನ ಹೆಂಗಸು ನಿರಾಳವಾಗಿ ಉಸಿರು ಬಿಟ್ಟಳು. ಮರುಕ್ಷಣವೇ, “ಹಾಂಗಾರೆ ಇವತ್ತಿನ್ ಸುದ್ದಿ ಎಲ್ಲಿತ್ತ್?” ಎಂದಳು.

ಮುಂದಿನ ಬಸ್ಸು ಹಿಡಿದು ಹೋಗಿ, ರಾತ್ರಿ ಬೈಂದೂರಿನಲ್ಲಿ ಗಂಜಿ, ಬಂಗುಡೆ ಸಾರು ಉಂಡೆವು. ಹೊರಗೆ ಗಾಳಿ ಎದ್ದಿತ್ತು. ತಂಗಿಯೇ ಮೊದಲು ನಿದ್ದೆಹೋದಳು; ಆ ಹೆಂಗಸಿನ ಗಂಡ ದಡ ಸೇರಿದನೋ ಇಲ್ಲವೋ ಎಂದು ನಾನು ಗಾಳಿ ಕೇಳುತ್ತ ಮಲಗಿದ್ದೆ.