ಸೊನ್ನೆಗಿಂತ ಕಡಿಮೆ ತಪ್ಪು

ಗೆಳೆಯರೇ, ಇವತ್ತು ಇಂಡಿ ಪಟ್ಟಣದ ನಮ್ಮ ಕೃಷಿ ಕಚೇರಿಯಲ್ಲಿ ಜೋಳದ ಲೆಕ್ಕಕ್ಕೆ ಜಗಳವಾಯಿತು. ಹೂವಿನ ಹಿಪ್ಪರಗಿಯ ಹೊಲದಲ್ಲಿ ನಾಲ್ಕು ಪಟ್ಟಿ ಮಾಡಿ, ಪ್ರತಿ ಪಟ್ಟಿಯಲ್ಲೂ ಹೊಸದೊಂದು ಸೇರಿ ಆರು ತಳಿ ಬಿತ್ತಿದ್ದೆವು. ಇಳುವರಿಯ ಏರುಪೇರಿನಲ್ಲಿ ನೆಲದ ಪಾಲು, ತಳಿಯ ಪಾಲು ಕಳೆದು ಉಳಿದದ್ದಕ್ಕೆ ನಾವು ‘ತಪ್ಪು’ ಎನ್ನುತ್ತೇವೆ. ಹೊಸ ತಳಿ ಅದನ್ನು ಮೀರಿ ಗೆದ್ದರೆ ಮಾತ್ರ ಈ ಹಿಂಗಾರಿಗೆ ರೈತರಿಗೆ ಅದರ ಬೀಜ.

ಲೆಕ್ಕದ ಯಂತ್ರದ ಹಿಡಿಕೆ ತಿರುಗಿಸಿ ಆ ಎರಡೂ ಪಾಲು ಕಳೆದೆ. ಟಣ್ ಎಂದಿತು. ಉತ್ತರ ಸೊನ್ನೆಗಿಂತ ಕೆಳಗಿಳಿದರೆ ಹೊಡೆಯುವ ಗಂಟೆ ಅದು.

ಸಾಹೇಬರು ಹಿಗ್ಗಿದರು. “ತಪ್ಪು ಸೊನ್ನಿಗಿಂತ ಕಡಿಮಿ ಬಂದೈತಿ ಅಂದ್ರ ಇದಕ್ಕಿಂತ ಚಲೋ ಪ್ರಯೋಗ ಎಲ್ಲೈತಿ? ಬೀಜ ಹಂಚ್ರಿ.”

“ತಪ್ಪು ಅಂದ್ರ ಅಂಕಿಗಳ ವರ್ಗ ಕೂಡಿಸಿದ ಮೊತ್ತ, ಅದು ಸೊನ್ನಿಗಿಂತ ಕಡಿಮಿ ಬರೂದಿಲ್ರಿ, ಸಾಹೇಬ್ರ,” ಎಂದೆ.

“ತಪ್ಪು ಕಾಣಲಿಲ್ಲಂದ್ರ ನಿನಗ ನಿದ್ದಿ ಬರೂದಿಲ್ಲೇನು?”

ಎದುರು ಕೂತು ಅಂಕಿ ಓದುತ್ತಿದ್ದ ಮೆಹಬೂಬ ಹಣೆ ಬಡಿದುಕೊಂಡ. “ಪಟ್ಟಿ ಮೊತ್ತದ ವರ್ಗಾನ ಆರರಿಂದ ಭಾಗಿಸಬೇಕಿತ್ತೋ ದೋಸ್ತ, ನಾಲ್ಕು ಅಂತ ಹೇಳೇನಿ. ಅದಕ್ಕ ನೆಲದ ಪಾಲು ಉಬ್ಬಿಬಿಟ್ಟೈತಿ.”

ಮತ್ತೆ ತಿರುಗಿಸಿದೆ. ಗಂಟೆ ಸುಮ್ಮನಿತ್ತು. ಪುಟ್ಟದಾದರೂ ನಿಜವಾದ ತಪ್ಪು ಬಂತು, ಹೊಸ ತಳಿ ಅದನ್ನು ದಾಟಿ ಗೆದ್ದೇ ಬಿಟ್ಟಿತು! ಇಬ್ಬರೂ ತಬ್ಬಿಕೊಂಡೆವು. ಸರಕಾರಿ ಕಚೇರಿಯಲ್ಲಿ ತಪ್ಪು ಸಿಕ್ಕಿತೆಂದು ಎಲ್ಲರಿಗೂ ಚಹಾ ಕುಡಿಸಿದವರು ನಾವೇ ಮೊದಲಿಗರಿರಬೇಕು.