ಕೇಳಬ್ಯಾಡ ಎಂದ ಮಾವಶಿ

ಆಕೆಯ ಹುಬ್ಬುಗಳ ಮೇಲೆ ಸದಾ ಹತ್ತಿಯ ಧೂಳು ಕೂತಿರುತ್ತಿತ್ತು. ಉಳಿದವರು ಊಟದ ಹೊತ್ತಿಗಾದರೂ ಸೆರಗಿನಿಂದ ಒರೆಸಿಕೊಳ್ಳುತ್ತಿದ್ದೆವು. ಆಕೆ ಒರೆಸುತ್ತಿರಲಿಲ್ಲ. ಆ ಬೆಳ್ಳನೆಯ ಹುಬ್ಬಿನ ಕೆಳಗಿನಿಂದ, ಬಟ್ಟೆಯಲ್ಲಿ ತೂತು ಹುಡುಕಿದ ಹಾಗೆ ನಮ್ಮ ಮೋರೆ ನೋಡುತ್ತಿದ್ದಳು. ನನಗೆ ಆಕೆಯ ಮೇಲೆ ಸಂಶಯ ಹುಟ್ಟಿದ್ದೇ ಆ ನೋಟದಿಂದ.

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯಲ್ಲಿ ಚಾದರ ನೇಯುವ ಕಾರಖಾನೆ. ಇಸವಿ ಎಪ್ಪತ್ತೈದರ ಆಚೀಚೆ ಇರಬೇಕು. ಗಂಡಸರು ಮಗ್ಗದ ಮೇಲೆ. ಹೆಂಗಸರದು ಕಂಡಿಕೆಗೆ ನೂಲು ಸುತ್ತುವುದು, ನೇಯ್ದ ಚಾದರ ಮಡಚುವುದು. ಈಕೆ ನಮ್ಮ ಮುಕಾದಮಳು, ಕೆಲಸ ಹಂಚುವವಳು. ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಬೆಳಗ್ಗೆ ಬಾಗಿಲಲ್ಲೇ ನಿಂತು ಒಬ್ಬೊಬ್ಬರನ್ನೂ ಕೇಳುವಳು: “ನಿದ್ದಿ ಬಂತೇನವಾ? ಉಂಡೀಯೇನ?” ಸಂಜೆ ಕಾರಖಾನೆಯ ಮಾಲಕ ಸಾವಕಾರರ ಕೋಣೆಗೆ ಹೋಗಿ ಕದ ಹಾಕಿಕೊಳ್ಳುವಳು. ನಮ್ಮ ನಿದ್ದೆ ತಗೊಂಡು ಆಕೆ ಏನು ಮಾಡುತ್ತಾಳೆ? ಒಳಗೆ ಹೋಗಿ ಸಾವಕಾರರ ಕಿವಿಯಲ್ಲಿ ಊದುತ್ತಾಳೆ, ಅಷ್ಟೇ. ನಾನು ಶಾಲೆ ಕಲಿತದ್ದು ಎರಡನೆಯ ಇಯತ್ತೆಯ ತನಕ. ಆದರೆ ಪುಕ್ಕಟೆ ಯಾರೂ ಯಾರ ಕ್ಷೇಮ ಕೇಳುವುದಿಲ್ಲ ಎಂಬಷ್ಟು ಗೊತ್ತಿತ್ತು.

ಭಂಡಾರಕವಠೆಯ ಕಡೆಯ ಸುಗಲಾ ಎಂಬಾಕೆ ನನ್ನ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಎಳೆಗೂಸು ತೀರಿಹೋದ ಮೇಲೆ ಕೆಲಸಕ್ಕೆ ಮರಳಿದವಳು ಮಾತೇ ಬಿಟ್ಟಳು. ಗೋಡೆಗೆ ಮುಖ. ನೂಲು ಹರಿದರೂ ಚರಕ ತಿರುಗಿಸುತ್ತಲೇ ಇರುವಳು. ಕೆಲವರು ಸೊಕ್ಕು ಎಂದರು. ಕೆಲವರು, “ಆಕೀಗಿ ಗಾಳಿ ಸೋಕ್ಯಾದ, ಗುರುವಾರ ಅಕ್ಕಲಕೋಟದ ಗುಡಿಗೆ ಕರಕೊಂಡು ಹೋಗ್ರಿ” ಎಂದರು.

“ಹೋಗಿ ಬರ್ರಿ, ದೇವರಿಗೇನ ನಾ ಅಡ್ಡ ಬರಂಗಿಲ್ಲ,” ಎಂದಳು ಮಾವಶಿ. “ಆದ್ರ ನಾಳಿಂದ ಆಕಿ ಕಂಡಿಕಿಗೆ ಬ್ಯಾಡ. ಘಡಿಗೆ ಬರಲಿ.”

ಘಡಿ ಎಂದರೆ ಚಾದರ ಮಡಚುವ ಕೆಲಸ. ಒಬ್ಬರಿಂದ ಆಗದು. ಇಬ್ಬರು ಎರಡು ತುದಿ ಹಿಡಿದು ಎಳೆದು ಜಾಡಿಸಿ, ನಡೆದು ಹತ್ತಿರ ಬಂದು, ಅಂಚಿಗೆ ಅಂಚು ಕೂಡಿಸಬೇಕು. ಪ್ರತಿ ಚಾದರಕ್ಕೂ ಮುಖಕ್ಕೆ ಮುಖ ಬರುತ್ತದೆ, ಕೈಗೆ ಕೈ ತಾಗುತ್ತದೆ. ಸುಗಲಾಳ ಎದುರಿಗೆ ಮಾವಶಿ ನನ್ನನ್ನು ನಿಲ್ಲಿಸಿದಳು.

“ಏನೂ ಕೇಳಬ್ಯಾಡ. ಧೈರ್ಯ ಹೇಳಬ್ಯಾಡ. ಆಕಿ ಮಾತಾಡಿದ್ರ ಕೇಳು, ಇಲ್ಲಾಂದ್ರ ಘಡಿ ಹಾಕು.”

“ಇದರಾಗ ನಿಮಗೇನ ಸಿಗತದ ಮಾವಶಿ?” ಎಂದು ನೇರವಾಗಿಯೇ ಕೇಳಿದೆ.

“ಏನ ಸಿಗಬೇಕ? ಬರೋ ವರ್ಷನೂ ಘಡಿ ಹಾಕಾಕ ಒಬ್ಬಾಕಿ ಸಿಗತಾಳ.”

ಆ ಉತ್ತರ ನನ್ನ ಮನಸ್ಸಿಗೆ ಒಪ್ಪಲಿಲ್ಲ. ಆದರೂ ನಿಂತೆ. ಮೊದಮೊದಲು ಚಾದರದ ತುದಿ ಸುಗಲಾಳ ಕೈಯಿಂದ ಜಾರುತ್ತಿತ್ತು. ಬೈಯಲು ಬಾಯಿ ತೆಗೆದರೆ ಮಾವಶಿ ದೂರದಿಂದಲೇ ನೋಡುವಳು. ಜಾರಿದ ತುದಿ ಎತ್ತಿ ಆಕೆಯ ಕೈಗೆ ಕೊಡುತ್ತಿದ್ದೆ. ಹೀಗೆ ಕೆಲವು ವಾರ ಕಳೆದವು. ಒಂದು ದಿನ ಅಂಚು ಕೂಡಿಸುವಾಗ ಸುಗಲಾ ನನ್ನ ಕೈಯನ್ನೇ ನೋಡುತ್ತ, “ಅಕ್ಕಾ, ನಿನ್ನೆ ಬಾವಿ ಕಟ್ಟಿಮ್ಯಾಲ ಕುಂತಿದ್ದೆ. ಕಾಲು ಒಳಗ ಬಿಟ್ಟಿದ್ದೆ” ಎಂದಳು.

ನಾನು ಚಾದರದ ಸಂಗಡ ಆಕೆಯ ಕೈಯನ್ನೂ ಹಿಡಿದುಕೊಂಡೆ, ಅಷ್ಟೇ.

ಆಮೇಲೆ ಪೇಚಿಗೆ ಬಿದ್ದೆ. ಮಾವಶಿಗೆ ಹೇಳಿದರೆ ಸಾವಕಾರರಿಗೆ ಮುಟ್ಟುತ್ತದೆ. ಹುಚ್ಚಿ ಎಂದು ಇವಳನ್ನು ಹೊರಗೆ ಹಾಕುತ್ತಾರೆ. ಹೇಳದಿದ್ದರೆ ಇವಳು ಮತ್ತೆ ಆ ಬಾವಿಗೆ ಹೋಗುತ್ತಾಳೆ. ಕೆಲಸ ಹೋದರೆ ಮತ್ತೊಂದು ಸಿಕ್ಕೀತು ಎಂದುಕೊಂಡು, ನಂಬಿಕೆ ಇಲ್ಲದೆಯೇ ಮಾವಶಿಗೆ ಹೇಳಿದೆ.

ಮಾವಶಿ “ಹೂಂ” ಎಂದಳು. ಅಂದು ಸಂಜೆ ಸುಗಲಾಳ ಸಂಗಡ ತಾನೇ ಆಕೆಯ ಮನೆಗೆ ನಡೆದಳು. ಅತ್ತೆಯ ಎದುರು ಕೂತು, “ಈಕಿನ್ನ ಒಬ್ಬಾಕಿನ್ನೇ ನೀರಿಗೆ ಕಳಸಬ್ಯಾಡ್ರಿ” ಎಂದು ಹೇಳಿ ಬಂದಳಂತೆ. ಮರುದಿನದಿಂದ ನಮಗೆಲ್ಲ ಪಾಳಿ ಹಚ್ಚಿದಳು: ಕೆಲಸ ಬಿಟ್ಟ ಮೇಲೆ ಯಾರಾದರೂ ಒಬ್ಬರು ಸುಗಲಾಳ ಜೊತೆ ಮನೆತನಕ ಹೋಗಬೇಕು. ಮುಂದೆ ದೊಡ್ಡ ದವಾಖಾನೆಗೂ ಕರೆದೊಯ್ದಳು.

ಆದರೂ ನನ್ನ ಸಂಶಯ ಹೋಗಬೇಕಲ್ಲ! ಒಂದು ಸಂಜೆ ಸಾವಕಾರರ ಕೋಣೆಯ ಕದಕ್ಕೆ ಕಿವಿ ಹಚ್ಚಿ ನಿಂತೆ. ಮಾವಶಿಯ ಮಾತೆಲ್ಲ ನೂಲಿನದು: ಬಂದ ನೂಲಿಗೆ ಬಲವಿಲ್ಲ, ಹರಿಯುತ್ತದೆ, ಬದಲಿಸಿ ಕೊಡಿರಿ.

“ಆ ಸುಗಲಾ ಹ್ಯಾಂಗ ಅದಾಳ? ತಲಿ ಕೆಟ್ಟದಂತ ಕೇಳೀನಿ,” ಎಂದರು ಸಾವಕಾರರು.

“ಆಕೀ ಕೈ ಛಲೋ ಅದಾವ್ರಿ. ಘಡಿಗೆ ಬೇಕು,” ಎಂದಳು ಮಾವಶಿ. ಮತ್ತೆ ನೂಲಿಗೆ ಬಂದಳು.

ಕದ ತೆರೆದಾಗ ನಾನು ಅಲ್ಲೇ ಇದ್ದೆ.

“ಎಲ್ಲಾ ಕೇಳಿಸ್ತೇನ? ಇಲ್ಲಾಂದ್ರ ಮತ್ತೊಮ್ಮೆ ಒಳಗ ಹೋಗಿ ಜೋರ ಮಾತಾಡ್ತೀನಿ.”

ಅಂದೂ ನಾನು ಪೂರ್ತಿ ನಂಬಲಿಲ್ಲ. ಹೊರಗೆ ನಾನು ನಿಂತದ್ದು ಆಕೆಗೆ ಮೊದಲೇ ಗೊತ್ತಿತ್ತೇನೋ ಎಂದು ಎಷ್ಟೋ ದಿನ ಯೋಚಿಸಿದೆ.

ಕೆಲವು ವರ್ಷಗಳಾದ ಮೇಲೆ ಮಾವಶಿ ಕೆಲಸ ಬಿಟ್ಟು ತನ್ನೂರು ನಾಗಣಸೂರಕ್ಕೆ ಹೋದಳು, ಅಲ್ಲೇ ತೀರಿಕೊಂಡಳು. ಸುದ್ದಿ ಬಂದಾಗ ನಾನೂ ಸುಗಲಾಳೂ ಎಸ್ಟಿ ಬಸ್ಸು ಹತ್ತಿದೆವು. ನನಗೆ ಅಳು ಬರಲಿಲ್ಲ, ಅಳುವವಳು ನಾನಲ್ಲ. ಸುಗಲಾ ವಳಸಂಗ ದಾಟುವ ತನಕ ಅತ್ತಳು. ಆಮೇಲೆ ಮಾತು ಶುರು ಮಾಡಿದಳು: ಮುಂದೆ ಹುಟ್ಟಿದ ಮಗಳ ಹಟ, ಅತ್ತೆಯ ಮೊಣಕಾಲು, ಓಣಿಯ ನಳದ ಜಗಳ, ಕಡ್ಲಿಬ್ಯಾಳಿಯ ರೇಟು. ಅಕ್ಕಲಕೋಟ ಬಂದರೂ ಬಾಯಿ ಮುಚ್ಚಲಿಲ್ಲ. ಮುಂದಿನ ಸೀಟಿನ ಮುದುಕ ತಿರುಗಿ ತಿರುಗಿ ನೋಡತೊಡಗಿದ.

“ಏನ ನೋಡತೀ ಯಜ್ಜಾ?” ಎಂದೆ. “ಆಕಿ ಮಾತಾಡಲಿ.”